ಉಪ್ಪಾಗೆ ಪುಡಿ, ಮೂರು ಸುತ್ತಿನ ಅನ್ನ ಮತ್ತು ನನ್ನ 11 ಕೆಜಿ

ಅಡಿಕೆ ತೂಗುವ ಕಾಟಾದ ಮೇಲೆ ಮನುಷ್ಯರು ನಿಲ್ಲಬಾರದು. ನಿಂತರೆ ಅಂಗಳದಲ್ಲಿ ಇದ್ದವರಿಗೆಲ್ಲ ಅಂಕಿ ಕಾಣುತ್ತದೆ.

2023ರ ಡಿಸೆಂಬರ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ತವರುಮನೆಗೆ ಹೋಗಿದ್ದೆ. ಕೊಯ್ಲಿನ ಕಾಲ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು, ಒಂದು ಮೂಲೆಯಲ್ಲಿ ಒಣಗಿದ್ದನ್ನು ಚೀಲಕ್ಕೆ ತುಂಬಿ ತೂಗುತ್ತಿದ್ದರು. ಚೀಲ ಸರಿಯಾಗಿ 65 ಕೆಜಿ ಬರಲಿ ಅಂತ ಅಣ್ಣ ಒಂದು ಹಿಡಿ ಹಾಕುತ್ತಾ ಒಂದು ಹಿಡಿ ತೆಗೆಯುತ್ತಾ ಇದ್ದ. ಸುಮ್ನೆ ಇರಲಾರದೆ ಚಪ್ಪಲಿ ಬಿಟ್ಟು ನಾನೂ ಹತ್ತಿ ನಿಂತೆ. ಕೆಂಪು ಅಂಕಿ ಎರಡು ಸಲ ಅಲ್ಲಾಡಿ 79ಕ್ಕೆ ನಿಂತಿತು. ಅಣ್ಣ ಬಗ್ಗಿ ನೋಡಿದವನು "ಒಂದು ಚೀಲ ರಾಶಿ, ಮೇಲೆ ಹದಿನಾಲ್ಕು ಕೆಜಿ ಗೊರಬಲು" ಅಂದ. ಅಡಿಕೆ ಸುಲಿಯಲು ಕೂತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಡಿಕೆ ವ್ಯವಹಾರ ಗೊತ್ತಿಲ್ಲದವರಿಗೆ ಹೇಳುತ್ತೇನೆ, ರಾಶಿ ಅಂದರೆ ಒಳ್ಳೆಯ ಮಾಲು, ಗೊರಬಲು ಅಂದರೆ ಮಂಡಿಯಲ್ಲಿ ಕಡಿಮೆ ರೇಟಿಗೆ ಹೋಗುವ ಮಾಲು.

ರಾತ್ರಿ ನಗು ಬರಲಿಲ್ಲ.

ನನ್ನ ಎತ್ತರ 158 ಸೆಂಟಿಮೀಟರ್. ಆಗ ವಯಸ್ಸು 42. ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಫೋನಿನಲ್ಲಿ ಬಿಎಂಐ ಲೆಕ್ಕ ಹಾಕಿದೆ. ಕಷ್ಟ ಏನಿಲ್ಲ, ಕೆಜಿಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು, ಅಷ್ಟೇ. ನನ್ನದು 31.6 ಬಂತು. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಡಾಕ್ಟರುಗಳು ಲೆಕ್ಕ ಇಡುತ್ತಾರೆ. ಯುರೋಪಿನವರಿಗೆ ಈ ಗೆರೆ 25 ಮತ್ತು 30. ಯಾಕೆ ಈ ವ್ಯತ್ಯಾಸ ಅಂದರೆ, ಅಷ್ಟೇ ತೂಕಕ್ಕೆ ನಮ್ಮ ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ ಕೂರುತ್ತದೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ. ಅದಕ್ಕೇ ಸೊಂಟದ ಸುತ್ತಳತೆಯನ್ನೂ ನೋಡು ಅನ್ನುತ್ತಾರೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಅದರೊಳಗೆ ಇದ್ದರೆ ಒಳ್ಳೆಯದು. ಹೊಲಿಗೆ ಟೇಪು ಹಿಡಿದು ನೋಡಿದೆ. 99. ಟೇಪು ಎಳೆದಿದೆ ಅಂತ ಇನ್ನೊಂದು ಸಲ ನೋಡಿದೆ. ಆಮೇಲೆ ಟೇಪನ್ನೇ ಬಚ್ಚಿಟ್ಟೆ.

ಮೊದಲು ಮಾಡಿದ್ದು ದಡ್ಡ ಕೆಲಸ. ಪರಿಚಯದವರೊಬ್ಬರು ಪುಡಿ ಮಾರುತ್ತಿದ್ದರು, ಡಬ್ಬಿಗೆ ನಾಲ್ಕು ಸಾವಿರ ಚಿಲ್ಲರೆ. ಬೆಳಿಗ್ಗೆ ಒಂದು ಲೋಟ ಪುಡಿ ಕಲಸಿದ ನೀರು, ರಾತ್ರಿ ಒಂದು ಲೋಟ, ಮಧ್ಯಾಹ್ನ ಒಂದು ಬಟ್ಟಲು ಊಟ. ಮೂರು ವಾರಕ್ಕೆ ನಾಲ್ಕು ಕೆಜಿ ಇಳಿಯಿತು. ನಾನು ಊರೆಲ್ಲ ಹೇಳಿಕೊಂಡು ಬಂದೆ. ಇಳಿದದ್ದು ಏನು ಅಂತ ಆಮೇಲೆ ಗೊತ್ತಾಯಿತು. ನಾವು ತಿಂದ ಅನ್ನದ ಸಕ್ಕರೆ ಲಿವರ್‌ನಲ್ಲಿ, ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅಂತ ಒಂದಷ್ಟು ಶೇಖರಣೆ ಆಗಿರುತ್ತದೆ. ಅದು ಒಂದು ಗ್ರಾಂ ಇದ್ದರೆ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಊಟ ಬಿಟ್ಟ ತಕ್ಷಣ ದೇಹ ಮೊದಲು ಕೈ ಹಾಕುವುದು ಈ ಶೇಖರಣೆಗೆ. ಅದು ಖಾಲಿ ಆಗುತ್ತಾ ನೀರೂ ಹೋಗುತ್ತದೆ, ಕಾಟಾ ಖುಷಿ ಪಡಿಸುತ್ತದೆ. ಕೊಬ್ಬು ಬಹುಪಾಲು ಅಲ್ಲೇ ಕೂತಿರುತ್ತದೆ, ಆರಾಮಾಗಿ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು ಅಂತ ಲೆಕ್ಕ. ಮೂರು ವಾರದಲ್ಲಿ ನಾಲ್ಕು ಕೆಜಿ ಕೊಬ್ಬು ಅಂದರೆ ದಿನಕ್ಕೆ ಹೆಚ್ಚುಕಡಿಮೆ 1,500 ಕ್ಯಾಲರಿ ಕೊರತೆ, ಅಂದರೆ ನಾನು ಬಹುತೇಕ ಉಪವಾಸವೇ ಬೀಳಬೇಕಿತ್ತು.

ಏಪ್ರಿಲ್ ಹೊತ್ತಿಗೆ ತಲೆ ಬಾಚಿದರೆ ಕೂದಲು ಮುದ್ದೆ ಮುದ್ದೆ ಬರುತ್ತಿತ್ತು. ತಟ್ಟನೆ ಊಟ ಕಮ್ಮಿ ಆದರೆ ಎರಡು ಮೂರು ತಿಂಗಳು ಕಳೆದ ಮೇಲೆ ಹೀಗೆ ಉದುರುವುದು ಮಾಮೂಲಂತೆ. ಮೇ ತಿಂಗಳಲ್ಲಿ ತೂಕ 80. ಹೋದದ್ದು ನಾಲ್ಕು, ಬಂದದ್ದು ಐದು.

ಈಗ ಆ ಡಬ್ಬಿಯ ಕತೆ. ಹೇಳಲೇಬೇಕು, ಯಾಕೆಂದರೆ ನನಗೆ ಬುದ್ಧಿ ಬಂದದ್ದು ಅಲ್ಲಿಂದಲೇ.

ಮೇ ಕೊನೆಗೆ ತವರಿಗೆ ಹೋದಾಗ ಅರ್ಧ ಉಳಿದ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ಅಷ್ಟು ದುಡ್ಡು ಕೊಟ್ಟು ಬಿಸಾಡಲು ಮನಸ್ಸು ಬರಲಿಲ್ಲ. ಮಗಳು ಜಗಲಿಯಲ್ಲಿ ಕೂತು ಅದರ ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದಳು. "ಅಮ್ಮ, ಗಾರ್ಸೀನಿಯಾ ಅಂದ್ರೆ ಎಂಥ?" ಅಂತ ಕೇಳಿ, ಅವಳೇ ಫೋನಿನಲ್ಲಿ ಹುಡುಕಿ ಚಿತ್ರ ತೋರಿಸಿದಳು. ಕುಂಬಳಕಾಯಿಯ ಮರಿಯಂತೆ ಏಣು ಏಣಾಗಿರುವ ಹಳದಿ ಹಣ್ಣು. ನನ್ನ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದವರು ಎದ್ದು ಒಳಗೆ ಹೋದರು. ಒಲೆಯ ಮೇಲಿನ ಅಟ್ಟದಿಂದ ಡಬ್ಬ ಇಳಿಸಿ ತಂದು ನನ್ನ ಮುಂದೆ ಮುಚ್ಚಳ ತೆಗೆದರು. ಹೊಗೆ ಹಿಡಿದು ಕಪ್ಪಗೆ ಮುದುಡಿದ ಸಿಪ್ಪೆ. ಮೂಗಿಗೆ ಹಿಡಿದರೆ ಹುಳಿ, ಹೊಗೆ, ಹಳೇ ಮಳೆಗಾಲ ಎಲ್ಲಾ ಒಟ್ಟಿಗೆ.

"ಇದು ನಮ್ಮ ಉಪ್ಪಾಗೆ ಅಲ್ವನೆ? ಇದಕ್ಕಾ ನಾಲ್ಕು ಸಾವಿರ ಕೊಟ್ಟದ್ದು?"

ಮಲೆನಾಡಿನವರಿಗೆ ಉಪ್ಪಾಗೆ ಬಗ್ಗೆ ಹೇಳಬೇಕಿಲ್ಲ. ಉಳಿದವರಿಗೆ: ಇದು ಪಶ್ಚಿಮಘಟ್ಟದ ಕಾಡಿನ ಮರ, ಮುರುಗಲಿನ (ಕೋಕಂ) ಬಳಗ. ಕೇರಳದವರು ಮೀನಿಗೆ ಹಾಕುವ ಕುಡಂಪುಳಿ, ಕೊಡಗಿನವರ ಕಾಚಂಪುಳಿ ಎಲ್ಲಾ ಇದರದ್ದೇ. ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲು ಇರುವುದಿಲ್ಲ, ಹಾಗಾಗಿ ಸಿಪ್ಪೆಯನ್ನು ಒಲೆಯ ಮೇಲೆ, ಹೊಗೆ ಅಟ್ಟದಲ್ಲಿ ಒಣಗಿಸುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ, ಉಪ್ಪಾಗೆ ತುಪ್ಪ. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ಒಂದು ಹುಳಿ ಇದೆ. ಹಿಟ್ಟು ಸಕ್ಕರೆಯ ಅಂಶವನ್ನು ದೇಹ ಕೊಬ್ಬಾಗಿ ಬದಲಿಸುವಾಗ ಕೆಲಸ ಮಾಡುವ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಆಸೆ ಹುಟ್ಟಿಸಿತು. ಅಲ್ಲಿಂದ ಮಾತ್ರೆ, ಪುಡಿ, ಜಾಹೀರಾತು. ನಮ್ಮ ಕಾಡಿನ ಸಿಪ್ಪೆ ಚೀಲಗಟ್ಟಲೆ ಹೊರಗೆ ಹೋಗುತ್ತಿದ್ದದ್ದು ಇದಕ್ಕೆ. ಅದನ್ನು ಒಣಗಿಸಲು ಸುಟ್ಟ ಕಾಡು ಕಟ್ಟಿಗೆಯ ಲೆಕ್ಕ ಬೇರೆ ಇದೆ, ಬಿಡಿ.

ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದ್ದು 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. 135 ಜನ, 12 ವಾರ. ಅರ್ಧ ಜನಕ್ಕೆ ಉಪ್ಪಾಗೆ ಸಾರದ ಮಾತ್ರೆ, ಉಳಿದವರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ, ಎಲ್ಲರಿಗೂ ಒಂದೇ ರೀತಿಯ ಮಿತ ಊಟ. ಎರಡೂ ಗುಂಪಿನವರ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಇಳಿಸಿದ್ದು ಊಟ, ಮಾತ್ರೆ ಅಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯರ ವರದಿಗಳಲ್ಲಿ ಇವೆ. ಸಾರಿಗೆ ಎರಡು ಸಿಪ್ಪೆ ಹಾಕುವುದು ಬೇರೆ, ಸಾರ ಹಿಂಡಿ ಗಟ್ಟಿ ಮಾಡಿ ದಿನಾ ನುಂಗುವುದು ಬೇರೆ. ನಮ್ಮ ಅಮ್ಮ ಅರವತ್ತು ವರ್ಷದಿಂದ ಉಪ್ಪಾಗೆ ಹಾಕಿದ ಮೀನು ಸಾರು ಉಣ್ಣುತ್ತಿದ್ದಾರೆ, ಅವರ ತೂಕ ಅದರಿಂದ ಒಂದು ಗ್ರಾಂ ಇಳಿದಿಲ್ಲ. ಜೀರಿಗೆ ನೀರು, ಜೇನು–ನಿಂಬೆ ಬಿಸಿನೀರು, ಹುರುಳಿ ಕಷಾಯ ಇದಕ್ಕೆಲ್ಲ ನನ್ನ ಉತ್ತರ ಇದೇ. ಬೇಕಾದರೆ ಕುಡಿಯಿರಿ. ಯಾವುದೂ ಕೊಬ್ಬನ್ನು ಹುಡುಕಿಕೊಂಡು ಹೋಗಿ ಕರಗಿಸುವುದಿಲ್ಲ.

ಜೂನ್‌ನಲ್ಲಿ ಡಾಕ್ಟರ್ ಹತ್ತಿರ ಹೋದೆ. ಥೈರಾಯ್ಡ್ ಇರಲಿ ಅಂತ ಒಳಗೊಳಗೇ ಬೇಡಿಕೊಂಡೆ, ತಪ್ಪು ನನ್ನದಲ್ಲ ಅಂತ ಆಗುತ್ತಿತ್ತಲ್ಲ. ಥೈರಾಯ್ಡ್ ಚೆನ್ನಾಗಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ತನಕ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಆದರೆ ಒಳಗೆ ಬಂದ ಹಾಗೆ. ಡಾಕ್ಟರ್ ಹೇಳಿದ್ದು ಎರಡೇ ಮಾತು. ಈಗಿನ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಸಕ್ಕರೆ, ಬಿಪಿ ಎರಡಕ್ಕೂ ಲಾಭ ಇದೆ, ಅಂದರೆ ನನಗೆ ನಾಲ್ಕರಿಂದ ಎಂಟು ಕೆಜಿ. ಮತ್ತೆ, ವಾರಕ್ಕೆ ಅರ್ಧ ಕೆಜಿ, ತೀರಾ ಹೆಚ್ಚೆಂದರೆ ಒಂದು, ಅದಕ್ಕಿಂತ ಜೋರಾಗಿ ಓಡಬೇಡಿ. ನಾನು ಮದುವೆಗೆ ಮೊದಲಿನ 54 ಕೆಜಿ ತಲೆಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಅದನ್ನು ಹೇಳಲಿಲ್ಲ.

ಏನೂ ಬದಲಾಯಿಸದೆ ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದರು. ಮಗಳ ಹಳೇ ರಫ್ ನೋಟ್‌ಬುಕ್ಕಿನಲ್ಲಿ ಬರೆದೆ. ಮೊದಲ ದಿನ ಸುಳ್ಳು ಬರೆದೆ, ಎರಡನೇ ದಿನದಿಂದ ನಿಜ. ಊಟದ್ದು ನನಗೆ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆದದ್ದು ಕಾಫಿ. ಎದ್ದ ಕೂಡಲೇ ಒಂದು, ತಿಂಡಿ ಜೊತೆ ಒಂದು, ಆಫೀಸಿನಲ್ಲಿ ಎರಡು, ಸಂಜೆ ಮನೆಗೆ ಬಂದು ಒಂದು, ಅತ್ತೆ ಏಳು ಗಂಟೆಗೆ ಮಾಡಿಕೊಂಡಾಗ ಅವರ ಜೊತೆ ಅರ್ಧ ಅಂತ ಹೇಳಿ ಪೂರ್ತಿ ಒಂದು. ಆರು ಕಾಫಿ, ಒಂದಕ್ಕೆ ಎರಡು ಚಮಚ, ದಿನಕ್ಕೆ ಹನ್ನೆರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೆ 60 ಗ್ರಾಂ. ತಿಂಗಳಿಗೆ 1.8 ಕೆಜಿ ಸಕ್ಕರೆ ನಾನೊಬ್ಬಳೇ, ಬರೀ ಕಾಫಿಯಲ್ಲಿ! ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹೋಳಿಗೆ, ಲಾಡು ಮುಟ್ಟುವ ಮೊದಲೇ ನಾನು ಗೆರೆ ದಾಟಿ ಆಗಿತ್ತು. ಇನ್ನೊಂದು, ಮಗಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಚಿತ್ರಾನ್ನದ ಕಡೇ ಎರಡು ತುತ್ತು. ಬಿಸಾಡಬಾರದು ಅಂತ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುವುದು. ಅಮ್ಮಂದಿರ ತೂಕದಲ್ಲಿ ಈ ಅರ್ಧ ದೋಸೆಗಳದ್ದೇ ಒಂದು ಪಾಲು ಇದೆ, ನಿಮಗೂ ಗೊತ್ತು.

ಸಕ್ಕರೆಯನ್ನು ಒಂದೇ ಸಲ ಬಿಡಲಿಲ್ಲ. ಎರಡು ಚಮಚ ಒಂದೂವರೆ ಆಯಿತು, ಎರಡು ವಾರ ಆದ ಮೇಲೆ ಒಂದು, ಆಮೇಲೆ ಅರ್ಧ. ಕಾಫಿ ಆರರಿಂದ ಮೂರು. ಈಗ ಬೇರೆಯವರ ಮನೆ ಕಾಫಿ ಪಾಯಸದ ಹಾಗೆ ಅನ್ನಿಸುತ್ತದೆ.

ಇನ್ನು ಅನ್ನ. ಮಲೆನಾಡಿನಲ್ಲಿ ತೂಕ ಇಳಿಸುವ ಮಾತು ಎಲ್ಲಿ ಶುರುವಾದರೂ ಅಲ್ಲಿಗೇ ಬಂದು ನಿಲ್ಲಬೇಕು. ಬೆಳಿಗ್ಗೆ ಅಕ್ಕಿ ರೊಟ್ಟಿ, ನೀರು ದೋಸೆ, ಇಲ್ಲವೇ ಕಡುಬು. ಮಧ್ಯಾಹ್ನ ಅನ್ನ. ಸಂಜೆ ಮಂಡಕ್ಕಿ. ರಾತ್ರಿ ಅನ್ನ. ಜ್ವರ ಬಂದರೆ ಗಂಜಿ. ಒಂದೇ ಭತ್ತ, ನಾಲ್ಕು ವೇಷ. ಹಾಗಂತ ಅನ್ನವೇ ವೈರಿ ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ನಮ್ಮ ಅಜ್ಜ ನನ್ನ ಮೂರು ಪಟ್ಟು ಅನ್ನ ಉಣ್ಣುತ್ತಿದ್ದರು, ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಗುಡ್ಡ ಹತ್ತಿ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದರು, ಮತ್ತೆ ತೋಟ, ಮತ್ತೆ ಗದ್ದೆ. ಪೇಟೆಗೆ ಹೋಗಬೇಕಾದರೆ ಬಸ್ಸಿಗೇ ಆರು ಕಿಲೋಮೀಟರ್ ನಡಿಗೆ. ಅವರ ತಟ್ಟೆಯನ್ನು ನಾವು ಉಳಿಸಿಕೊಂಡೆವು, ಗುಡ್ಡವನ್ನು ಬಿಟ್ಟೆವು. ನಾನು ಎರಡನೇ ಮಹಡಿಯ ಆಫೀಸಿಗೆ ಲಿಫ್ಟ್‌ನಲ್ಲಿ ಹೋಗಿ ಅಜ್ಜನ ಊಟ ಉಣ್ಣುತ್ತಿದ್ದೆ.

ನಾನು ಕೈ ಹಾಕಿದ್ದು ಊಟದ ಕ್ರಮಕ್ಕೆ. ನಮ್ಮ ಊಟ ಇರುವುದೇ ಮೂರು ಸುತ್ತು. ಸಾರಿಗೆ ಒಂದು ಸಟ್ಟುಗ ಅನ್ನ, ಹುಳಿಗೆ ಒಂದು, ಮಜ್ಜಿಗೆಗೆ ಒಂದು. ಪಲ್ಯ ಬಾಳೆಲೆಯ ತುದಿಯಲ್ಲಿ, ನೆಂಚಿಕೊಳ್ಳಲಿಕ್ಕೆ ಮಾತ್ರ. ಇದನ್ನು ತಿರುಗಿಸಿದೆ. ಮೊದಲು ಪಲ್ಯ ಮತ್ತು ಹಸಿ ತರಕಾರಿ ತಟ್ಟೆಯ ಅರ್ಧ ಭಾಗಕ್ಕೆ, ಅದನ್ನು ಮೊದಲು ತಿನ್ನುವುದು. ಆಮೇಲೆ ಕಾಳು, ಮೊಟ್ಟೆ ಅಥವಾ ಮೀನು. ಅನ್ನ ಒಂದು ಸಟ್ಟುಗ, ಅದನ್ನೇ ಸಾರಿಗೂ ಹುಳಿಗೂ ಪಾಲು ಮಾಡಿಕೊಳ್ಳುವುದು. ಮಜ್ಜಿಗೆಯನ್ನು ಅನ್ನಕ್ಕೆ ಹಾಕದೆ ಲೋಟದಲ್ಲಿ ಕುಡಿಯುವುದು. ಮೊದಲ ಹತ್ತು ದಿನ ಊಟ ಮುಗಿದ ಹಾಗೇ ಆಗುತ್ತಿರಲಿಲ್ಲ, ಮಜ್ಜಿಗೆ ಅನ್ನ ಉಣ್ಣದೆ ಕೈ ತೊಳೆದರೆ ಯಾರದೋ ಮನೆಯಿಂದ ಅರ್ಧಕ್ಕೆ ಎದ್ದು ಬಂದ ಹಾಗೆ. ಹೊಟ್ಟೆ ತುಂಬಿತ್ತು, ಮನಸ್ಸಿಗೆ ತುಂಬಿರಲಿಲ್ಲ. ಆಮೇಲೆ ಅಭ್ಯಾಸ ಆಯಿತು. ಭಾನುವಾರ ಮಾತ್ರ ಮಜ್ಜಿಗೆ ಅನ್ನಕ್ಕೆ ಮಾಫಿ ಕೊಟ್ಟುಕೊಂಡಿದ್ದೇನೆ, ಅದೂ ಅಪ್ಪೆಮಿಡಿ ಉಪ್ಪಿನಕಾಯಿ ಹೊಸದಾಗಿ ಬಂದಿದ್ದರೆ ಎರಡು ದಿನ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ದಿನಕ್ಕೆ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಅನ್ನುತ್ತಾರೆ. ಅರ್ಧ ಕೆಜಿ! ಒಬ್ಬರಿಗೆ! ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಅರ್ಧ ಕೆಜಿ ಬೀನ್ಸ್ ಎರಡು ಹೊತ್ತಿಗೆ ಆಗುತ್ತಿತ್ತು. ಆದರೆ ನೋಡಿದರೆ ನಮ್ಮ ಕಡೆ ಸೊಪ್ಪು ತರಕಾರಿಗೆ ಬರ ಎಲ್ಲಿದೆ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ ಯಾವುದು ಸಿಕ್ಕರೂ ತಂಬುಳಿ. ಬಾಳೆದಿಂಡಿನ ಪಲ್ಯ. ಮಳೆಗಾಲಕ್ಕೆ ಕಳಲೆ, ಕೆಸು. ಮೊಗೆಕಾಯಿ, ಹೀರೆಕಾಯಿ. ಇವೆಲ್ಲ ನಮ್ಮಲ್ಲಿ ಇದ್ದವು, ಚಮಚದಷ್ಟು ಇದ್ದವು. ಹುರುಳಿ ವಿಷಯ ಇನ್ನೂ ತಮಾಷೆ. ಬೇಯಿಸಿ ಕಟ್ಟು ಬಸಿದು ಸಾರು ಮಾಡಿ ನಾವು ಉಣ್ಣುವುದು, ಕಾಳು ಹಿಂದೆಲ್ಲ ಹೋಗುತ್ತಿದ್ದದ್ದು ಎತ್ತಿನ ಬಾಯಿಗೆ. ಪ್ರೋಟೀನ್ ಇರುವುದೇ ಕಾಳಿನಲ್ಲಿ, 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ. ರುಚಿ ನಮಗೆ, ಶಕ್ತಿ ಎತ್ತಿಗೆ. ಈಗ ಕಾಳನ್ನೂ ಈರುಳ್ಳಿ ಹಾಕಿ ಒಗ್ಗರಣೆ ಮಾಡುತ್ತೇನೆ, ಒಂದು ಬಟ್ಟಲು ತಿಂದರೆ ಸಂಜೆ ತನಕ ಹಸಿವಿನ ಗಲಾಟೆ ಇಲ್ಲ. ಅಕ್ಕಿ ರೊಟ್ಟಿ ಬಿಟ್ಟಿಲ್ಲ. ನಮ್ಮದು ಉಕ್ಕರಿಸಿದ ಹಿಟ್ಟಿನದು, ಕೆಂಡದ ಮೇಲೆ ಉಬ್ಬಿಸುವುದು, ಎಣ್ಣೆ ಬೇಡ. ನಾಲ್ಕು ತಿನ್ನುವಲ್ಲಿ ಎರಡು, ಜೊತೆಗೆ ಚಟ್ನಿಯ ಬದಲು ಪಲ್ಯ ಅಥವಾ ಎರಡು ಮೊಟ್ಟೆ. ಕಡುಬು–ಕೋಳಿ ಸಾರು ಮಾಡಿದ ದಿನ ಕಡುಬು ಐದರಿಂದ ಎರಡಕ್ಕೆ ಇಳಿದಿದೆ, ಕೋಳಿ ತುಂಡು ಎರಡರಿಂದ ನಾಲ್ಕಕ್ಕೆ ಏರಿದೆ. ನಮ್ಮ ಮನೆಯವರಿಗೆ ಈ ಬದಲಾವಣೆ ಮೇಲೆ ಇನ್ನೂ ಸಿಟ್ಟಿದೆ.

ಎಣ್ಣೆ ಬಗ್ಗೆ ಒಂದೇ ಮಾತು. ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಆಗುತ್ತಿತ್ತು, ಈಗ ಮೂರೂಕಾಲು. ಬಾಟಲಿಯಿಂದ ಸುರಿಯುವುದು ನಿಲ್ಲಿಸಿ ಚಮಚದಲ್ಲಿ ಹಾಕಿದೆ, ಬೇರೆ ಏನೂ ಮಾಡಲಿಲ್ಲ.

ನಾನು ಶುರು ಮಾಡಿದ್ದೇ ಜೂನ್, ಮಳೆ ಹಿಡಿದಾಗ. ಎಲ್ಲರೂ ವಾಕಿಂಗ್ ಹೋಗು ಅನ್ನುತ್ತಾರೆ, ಇಲ್ಲಿ ಹೊರಗೆ ಕಾಲಿಟ್ಟರೆ ಸೀರೆ ಮಂಡಿ ತನಕ ಒದ್ದೆ. ಮಲೆನಾಡಿನ ಮಳೆ ಗೊತ್ತಿಲ್ಲದವರು ಬರೆದ ಸಲಹೆ ಅವೆಲ್ಲ. ಸಂಜೆ ಐದಕ್ಕೇ ಕತ್ತಲು, ಬಚ್ಚಲ ಒಲೆ ಬೆಚ್ಚಗೆ, ಅಮ್ಮ ಕಳಿಸಿದ ಹಲಸಿನ ಹಪ್ಪಳ ಡಬ್ಬದಲ್ಲಿ. ಆ ಹಪ್ಪಳಕ್ಕೂ ಮಳೆಗೂ ಏನು ಸಂಬಂಧವೋ, ಹನಿ ಬಿದ್ದ ಕೂಡಲೇ ಎಣ್ಣೆ ಇಡುವ ಅನ್ನಿಸುತ್ತದೆ. ಕೆಂಡದ ಮೇಲೆ ಸುಟ್ಟು ತಿಂದೆ. ಕರಿದದ್ದಕ್ಕೆ ಸಮ ಅಂತ ಸುಳ್ಳು ಹೇಳುವುದಿಲ್ಲ, ಆದರೆ ಹಪ್ಪಳ ಹಪ್ಪಳವೇ. ಮಳೆಗಾಲ ಪೂರ್ತಿ ನಡಿಗೆ ಇರಲಿಲ್ಲ, ಮನೆ ಮೆಟ್ಟಿಲು ಹತ್ತಿ ಇಳಿದದ್ದು ಅಷ್ಟೇ, ಆದರೂ ಅಕ್ಟೋಬರ್ ಹೊತ್ತಿಗೆ 80 ಇದ್ದದ್ದು 75.5 ಆಗಿತ್ತು. ಹಾಗಾಗಿ ತೂಕ ಇಳಿಯುವುದು ಹೆಚ್ಚಾಗಿ ಅಡುಗೆಮನೆಯಲ್ಲೇ ಅಂತ ಧೈರ್ಯವಾಗಿ ಹೇಳುತ್ತೇನೆ. ನನ್ನ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 130 ಕ್ಯಾಲರಿ ಆಸುಪಾಸು. ತುಪ್ಪ ಹಾಕಿದ ಒಂದು ಹೋಳಿಗೆ ಅದನ್ನು ನುಂಗಿ ನೀರು ಕುಡಿಯುತ್ತದೆ.

ಹಾಗಾದರೆ ನಡೆಯುವುದು ಯಾಕೆ? ಸಕ್ಕರೆ ಹತೋಟಿಗೆ ಬರುತ್ತದೆ, ನಿದ್ದೆ ಬರುತ್ತದೆ, ಇಳಿದ ತೂಕ ಮತ್ತೆ ಏರದ ಹಾಗೆ ಕಾಯುತ್ತದೆ. ಮಳೆ ಬಿಟ್ಟ ಮೇಲೆ ಬೆಳಿಗ್ಗೆ ಆರಕ್ಕೆ ಫ್ರೀಡಂ ಪಾರ್ಕ್, ರಜೆ ದಿನ ತುಂಗಾ ತೀರದ ಕಡೆ. ವಾರಕ್ಕೆ 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಲೆಕ್ಕ, 300 ಆದರೆ ಇನ್ನೂ ಲಾಭ. ಎಷ್ಟು ಜೋರು ನಡೆಯಬೇಕು ಅಂದರೆ, ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಪಾರ್ಕಿನಲ್ಲಿ ಮುಕ್ಕಾಲು ಜನ ಭಜನೆ ಹಾಡುವಷ್ಟು ನಿಧಾನಕ್ಕೆ ನಡೆಯುತ್ತಾರೆ, ಅದರಲ್ಲಿ ನಾನೂ ಒಬ್ಬಳಿದ್ದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಎಲ್ಲರ ಕೈಗಡಿಯಾರ ಕೂಗುತ್ತದಲ್ಲ, ಅದು ಯಾವ ಡಾಕ್ಟರೂ ಕಂಡುಹಿಡಿದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಇಟ್ಟ ಹೆಸರು, ಮಾನ್ಪೋ ಕೇ, ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ. ನನ್ನದು ಏಳು ಸಾವಿರ ಆಗುತ್ತದೆ. ಸಾಕು.

ಡಿಸೆಂಬರ್‌ನಲ್ಲಿ 72ಕ್ಕೆ ಬಂದು ಗಾಡಿ ನಿಂತಿತು. ಏಳು ವಾರ ಒಂದು ಚೂರು ಅಲುಗಲಿಲ್ಲ. ಊಟ ಅದೇ, ನಡಿಗೆ ಅದೇ. ಸಿಟ್ಟಿಗೆ ಒಂದು ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ಎರಡು ಪ್ಲೇಟ್ ಮೆಣಸಿನಕಾಯಿ ಬೋಂಡ ತಿಂದೆ, ಬೋಂಡ ಚೆನ್ನಾಗಿತ್ತು. ಕಾರಣ ಏನಂದರೆ, ಎಂಟು ಕೆಜಿ ಇಳಿದ ದೇಹಕ್ಕೆ ಖರ್ಚೂ ಕಡಿಮೆ. 80 ಕೆಜಿಯನ್ನು ಹೊತ್ತು ನಡೆಯುವುದಕ್ಕೂ 72 ಕೆಜಿಯನ್ನು ಹೊತ್ತು ನಡೆಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ. ಮೊದಲು ಇಳಿಸಿದ ಊಟ ಈಗ ಸರಿಸಮ ಊಟ ಆಗಿತ್ತು. ಜೊತೆಗೆ ಕೊಬ್ಬಿನ ಸಂಗಡ ಮಾಂಸಖಂಡವೂ ಸ್ವಲ್ಪ ಹೋಗಿರುತ್ತದೆ, ನಲವತ್ತು ದಾಟಿದವರಿಗೆ ಅದು ತಾನಾಗಿಯೂ ಕರಗುತ್ತದೆ. ಅದಕ್ಕೆ ಔಷಧಿ ಭಾರ ಎತ್ತುವುದು. ಜಿಮ್ಮಿಗೆ ಹೋಗಲು ನನಗೆ ಸಂಕೋಚ. ಮನೆಯಲ್ಲೇ ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು ಹದಿನೈದು ಸಲ, ಗೋಡೆಗೆ ಕೈ ಕೊಟ್ಟು ದಂಡ ಹೊಡೆದ ಹಾಗೆ ಹತ್ತು, ಐದು ಲೀಟರಿನ ಎರಡು ನೀರಿನ ಕ್ಯಾನು ಎರಡೂ ಕೈಯಲ್ಲಿ ಹಿಡಿದು ತಾರಸಿ ಮೇಲೆ ನಾಲ್ಕು ಸುತ್ತು. ವಾರಕ್ಕೆ ಎರಡು ದಿನ, ಆಮೇಲೆ ಮೂರು. ಮೊದಲ ವಾರ ಟಾಯ್ಲೆಟ್ಟಿನಲ್ಲಿ ಕೂತು ಏಳುವಾಗ ದೇವರು ಕಂಡ. ಮಾರ್ಚ್‌ನಲ್ಲಿ ಮಗಳ ಜೊತೆ ಕವಲೇದುರ್ಗ ಹತ್ತಿದೆ, ಕೆಳದಿಯವರ ಕಾಲದ ಆ ಕಲ್ಲು ಹಾಸಿನ ದಾರಿಯಲ್ಲಿ ಹಿಂದಿನ ಸಲ ನಾಲ್ಕು ಕಡೆ ಕೂತಿದ್ದೆ. ಈ ಸಲ ನೀರು ಕುಡಿಯಲು ಒಂದು ಕಡೆ. ಕೂತದ್ದು ಮಗಳು.

ಜನರ ಮಾತು ಬೇರೆ. 79 ಇದ್ದಾಗ "ಚೆನ್ನಾಗಿ ಮೈಕೈ ತುಂಬಿಕೊಂಡಿದ್ದೀಯ" ಅಂದ ದೊಡ್ಡಮ್ಮ, 70 ಆದಾಗ ಮದುವೆಮನೆಯಲ್ಲಿ ಕೈ ಹಿಡಿದು ಪಕ್ಕಕ್ಕೆ ಕರೆದರು. "ಎಂಥ ಮಾರಾಯ್ತಿ, ಇಷ್ಟು ಸೊರಗಿದ್ದೀಯ. ಶುಗರ್ ಬಂತಾ? ಮನೆಯಲ್ಲಿ ಎಲ್ಲಾ ಸರಿ ಇದೆಯಲ್ಲ?" ಶುಗರ್ ಬರದೆ ಇರಲಿ ಅಂತಲೇ ದೊಡ್ಡಮ್ಮ ಅಂದೆ. ನಂಬಲಿಲ್ಲ. ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು, ತಿಂದೆ. ಮದುವೆ, ತಿಥಿ, ಬೀಗರ ಊಟ, ಹಬ್ಬ ಇವನ್ನೆಲ್ಲ ತಪ್ಪಿಸಿ ಇಳಿಸಬೇಕಾದ ತೂಕ ಮಲೆನಾಡಿನಲ್ಲಿ ಯಾರಿಗೂ ಇಳಿಯುವುದಿಲ್ಲ. ಏಪ್ರಿಲ್–ಮೇ ಎರಡು ತಿಂಗಳಲ್ಲಿ ಒಂಬತ್ತು ಊಟಕ್ಕೆ ಹೋಗಿದ್ದೆ, ಒಂದೂವರೆ ಕೆಜಿ ಮತ್ತೆ ಏರಿತು, ಜೂನ್‌ನಲ್ಲಿ ಮತ್ತೆ ಇಳಿಯಿತು. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನನ್ನ ಹಾಗೆ ತಾವೇ ಅನ್ನ ಕಡಿಮೆ ಮಾಡಲು ಹೋಗಬೇಡಿ, ಸಕ್ಕರೆ ತಟ್ಟನೆ ಬಿದ್ದರೆ ಕಷ್ಟ, ಡಾಕ್ಟರಿಗೆ ಕೇಳಿಯೇ ಮಾಡಿ.

ಈಗ 69. ಹದಿಮೂರು ತಿಂಗಳಿಗೆ 11 ಕೆಜಿ. ಸೊಂಟ 89. ಎಚ್‌ಬಿಎ1ಸಿ 5.6. ಬಿಎಂಐ ಪುಸ್ತಕದ ಪ್ರಕಾರ ನಾನು ಇನ್ನೂ ಬೊಜ್ಜಿನವಳೇ, 27.6. ವಾರದ ಲೆಕ್ಕ ಹಾಕಿದರೆ 200 ಗ್ರಾಂ ಇಳಿದಿದೆ, ಡಾಕ್ಟರ್ ಹೇಳಿದ ಅರ್ಧ ಕೆಜಿಯೂ ಆಗಲಿಲ್ಲ. ಅವರಿಗೆ ಬೇಸರ ಇಲ್ಲ, ನನಗೂ ಇಲ್ಲ. ಹಳೇ ರವಿಕೆಗಳನ್ನು ಒಳಗೆ ಹಿಡಿಸಲು ಟೈಲರ್ ಹತ್ತಿರ ಕೊಟ್ಟಿದ್ದೇನೆ, ಬಿಚ್ಚಿದರೆ ಮತ್ತೆ ಬರುವ ಹಾಗೆ ಬಟ್ಟೆ ಬಿಡಿ ಅಂತ ಹೇಳಿ.

ಮೊನ್ನೆ ಅಮ್ಮ ಫೋನ್ ಮಾಡಿದ್ದರು. ಹೊರಗೆ ಮಳೆ ಹೊಯ್ಯುತ್ತಿತ್ತು, ಅವರ ಮಾತು ಅರ್ಧ ಕೇಳುತ್ತಿರಲಿಲ್ಲ. ಉಪ್ಪಾಗೆ ಹಣ್ಣಾಗಿದೆಯಂತೆ, ಅಣ್ಣ ಎರಡು ಬುಟ್ಟಿ ತಂದಿದ್ದಾನಂತೆ, ಅಟ್ಟದ ಮೇಲೆ ಹಾಕಿದ್ದಾರೆ.

"ನಿಂಗೆ ಎಷ್ಟು ಇಡಲಿ? ನಾಲ್ಕು ಸಾವಿರದ್ದಾ?"

ಮೀನು ಸಾರಿಗೆ ಆಗುವಷ್ಟು ಸಾಕಮ್ಮ ಅಂದೆ.